ಬೆಳಗಿನ ಅಳತೆ

ಸೇರಿಸಿದ್ದೆನೋ, ಇಲ್ಲವೋ? ಬೆಳಿಗ್ಗೆ ಟೇಪು ತೋರಿಸಿದ್ದು ಹತ್ತೊಂಬತ್ತೂ ಮುಕ್ಕಾಲೋ, ಇಪ್ಪತ್ತೂ ಕಾಲೋ? ಹಾಳೆಯಲ್ಲಿ ಇಪ್ಪತ್ತೂ ಕಾಲು ಎಂದು ಬರೆದದ್ದು ಖಂಡಿತ. ಆದರೆ ಬರೆಯುವ ಮೊದಲು ಕಣ್ಣಿಗೆ ಕಂಡ ಅಂಕಿ ಯಾವುದು?

ದರ್ಜಿಯ ಕತ್ತರಿ ಬಟ್ಟೆಯ ನಡುವೆ ನಿಂತುಬಿಟ್ಟಿತು. ಮೇಜಿನ ಮೇಲೆ ಹಾಸಿದ್ದು ಬ್ಯಾಂಕಿನ ಕಾವಲುಗಾರನ ಪ್ಯಾಂಟಿನ ಬಟ್ಟೆ. ಪಕ್ಕದಲ್ಲಿ ತೆರೆದಿದ್ದ ಅಳತೆ ಪುಸ್ತಕದಲ್ಲಿ ಸೊಂಟ ಮೂವತ್ತಾರೂವರೆ ಎಂದಿತ್ತು. ಕಾವಲುಗಾರನ ಸೊಂಟ ಮೂವತ್ತಾರು. ಅರ್ಧ ಇಂಚು ಸಡಿಲ ಸೇರಿಸಿಯೇ ಬರೆಯುವುದು ದರ್ಜಿಯ ರೂಢಿ. ಕೆಲಸ ಕಲಿಸಿದ ಯಜಮಾನ ಮೊದಲ ದಿನವೇ ಹೇಳಿಕೊಟ್ಟಿದ್ದ: "ಮೈ ಅಳತೆ ಬರೆದ್ರೆ ಚರ್ಮ ಹೊಲಿದ ಹಾಗಾಗತ್ತೆ. ಬಟ್ಟೆ ಅಳತೆ ಬರಿ." ಇಪ್ಪತ್ತೇಳು ವರ್ಷದಿಂದ ಟೇಪು ಹೇಳುವುದು ಒಂದು, ಪೆನ್ಸಿಲು ಬರೆಯುವುದು ಇನ್ನೊಂದು. ನಡುವೆ ಮನಸ್ಸಿಗೆ ಕೆಲಸವೇ ಇರಲಿಲ್ಲ.

ಹಾಗಾದರೆ ಹೆಂಡತಿಯ ಕಾಲಿಗೂ ಸಡಿಲ ಬಿಟ್ಟಿದ್ದೇನೆ.

ಅವನು ಕತ್ತರಿ ಕೆಳಗಿಟ್ಟು ಒಳಬಾಗಿಲ ಕಡೆ ನೋಡಿದ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಒಳಕೋಣೆಯಲ್ಲಿ ಅವಳು ಗೋಡೆಗೆ ಒರಗಿ, ಎಡಗಾಲನ್ನು ಎರಡು ದಿಂಬಿನ ಮೇಲೆ ಏರಿಸಿಕೊಂಡು ಕೂತಿದ್ದಳು. ಬಟ್ಟೆಪಟ್ಟಿ ಬಿಚ್ಚಿಟ್ಟು ಹೆಬ್ಬೆರಳಿನಿಂದ ಗಾಳಿಯಲ್ಲಿ ಏನೋ ಬರೆಯುತ್ತಿದ್ದಳು. ಅದು ವ್ಯಾಯಾಮ. ಪಾದದ ಕೀಲು ಎಲ್ಲ ದಿಕ್ಕಿಗೂ ಮೆಲ್ಲಗೆ ಆಡಲಿ ಎಂದು ಫಿಸಿಯೋ ಮೇಡಂ ಹೇಳಿಕೊಟ್ಟದ್ದು, ದಿನಕ್ಕೆ ಮೂರು ಸಲ. ಅಕ್ಷರಮಾಲೆ ಬರೆಯಿರಿ ಎಂದಿದ್ದರು. ಅವಳು ಅಕ್ಷರಮಾಲೆ ಬರೆಯುತ್ತಿರಲಿಲ್ಲ. ಹೆಬ್ಬೆರಳಿನ ಓಟವನ್ನು ಕೆಲವು ದಿನ ಕದ್ದು ನೋಡಿದ ಮೇಲೆ ಅವನಿಗೆ ಗೊತ್ತಾಗಿತ್ತು. ಅವಳು ಮನೆ ನಂಬರುಗಳನ್ನೂ ಹೆಸರುಗಳನ್ನೂ ಬರೆಯುತ್ತಿದ್ದಳು. ಅವಳ ಬೀಟಿನ ಮನೆಗಳು.

ಅವಳು ಅಂಚೆ ಹಂಚುವವಳು. ಹತ್ತೊಂಬತ್ತು ವರ್ಷದಿಂದ ಒಂದೇ ಬೀಟು, ಎಂದರೆ ದಿನವೂ ನಡೆಯುವ ಒಂದೇ ದಾರಿ: ಕೆಳಗಿನ ಎರಡು ಬೀದಿ, ಆಮೇಲೆ ಗುಡ್ಡದ ಮೇಲಕ್ಕೆ ಹತ್ತುವ ಮೆಟ್ಟಿಲು ಓಣಿ, ಅದರಲ್ಲಿ ಇಪ್ಪತ್ಮೂರು ಮನೆ. ಹದಿನಾರು ದಿನದ ಹಿಂದೆ ಆ ಓಣಿಯ ಒಂದು ಮೆಟ್ಟಿಲಿನ ಅಂಚು ಕಿತ್ತು ಅವಳ ಕಾಲು ಒಳಮಗ್ಗುಲಿಗೆ ಮಡಿಚಿಕೊಂಡಿತು. ಚೀಲದಲ್ಲಿ ಉಳಿದಿದ್ದ ಹನ್ನೊಂದು ಕಾಗದ ಹಂಚಿ ಮುಗಿಸಿ, ಗೋಡೆ ಹಿಡಿದುಕೊಂಡು ಇಳಿದು ಬಂದಿದ್ದಳು. ಎಕ್ಸ್‌ರೇ ತೆಗೆದ ಡಾಕ್ಟರು, ಮೂಳೆ ಸರಿಯಾಗಿದೆ, ಹೊರಗಿನ ಗಂಟುಮೂಳೆಯ ಕೆಳಗೆ ಲಿಗಮೆಂಟ್ ಸ್ವಲ್ಪ ಹರಿದಿದೆ ಎಂದರು. ಆ ಹನ್ನೊಂದು ಕಾಗದಕ್ಕೂ ಸೇರಿಸಿ ಬೈದರು.

ಅಂಚೆ ಕಚೇರಿಯ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ನಲವತ್ತು ದಿನದೊಳಗೆ ಬೀಟಿಗೆ ಮರಳದಿದ್ದರೆ ಬೀಟು ಬದಲಿಯವನಿಗೆ ಹೋಗುತ್ತದೆ. ತಡವಾಗಿ ಮರಳಿದವರಿಗೆ ಒಳಗೆ ಕಾಗದ ವಿಂಗಡಿಸುವ ಮೇಜು.

ನಾಲ್ಕನೆಯ ದಿನ ಫಿಸಿಯೋ ಮೇಡಂ ಬಂದರು. ಮಾತು ಕಡಿಮೆ, ಕೈ ಚುರುಕು. ದರ್ಜಿಯ ತಾಯಿ ಅಷ್ಟರಲ್ಲಿ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಉಳುಕು ತೆಗೆಯಲು ಸಿದ್ಧರಾಗಿದ್ದರು. ಮೇಡಂ ಬಟ್ಟಲನ್ನು ಮೆಲ್ಲಗೆ ಇಸಿದುಕೊಂಡು ಕಿಟಕಿಯ ಮೇಲಿಟ್ಟರು. ಬಿಸಿ ಬೇಡ, ತಿಕ್ಕುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಐಸು ಹದಿನೈದು ನಿಮಿಷ, ಕಾಲು ಎದೆಗಿಂತ ಎತ್ತರದಲ್ಲಿ, ಪಟ್ಟಿ ಬೆರಳ ಕಡೆಯಿಂದ ಮೇಲಕ್ಕೆ. ಆಮೇಲೆ ಅವನ ಕಡೆ ತಿರುಗಿ ಊತವನ್ನು ಅಳೆಯುವ ಕ್ರಮ ತೋರಿಸಿದರು. ಟೇಪು ಪಾದದ ಮುಂಭಾಗದಿಂದ ಹೊರಟು, ಅಂಗಾಲನ್ನು ಬಳಸಿ, ಮೇಲೆ ಅಡ್ಡ ಹಾಯ್ದು, ಹಿಮ್ಮಡಿಯ ನರವನ್ನು ಸುತ್ತಿ, ಎಂಟರ ಅಂಕಿಯ ಹಾಗೆ ಹೊರಟಲ್ಲಿಗೇ ಬರಬೇಕು. ತಾವೇ ಬಲಗಾಲಿನ ಮೇಲೆ ಅಳೆದು ತೋರಿಸಿ, ಹಾಳೆಯ ತಲೆಯಲ್ಲಿ ಹತ್ತೊಂಬತ್ತೂವರೆ ಎಂದು ಬರೆದರು. ಅದು ಒಳ್ಳೆಯ ಕಾಲಿನ ಅಳತೆ. ಉಳುಕಿದ ಕಾಲಿನದು ಅವನು ಬರೆಯಬೇಕು, ದಿನವೂ ಬೆಳಿಗ್ಗೆ, ಅವಳು ಕಾಲು ನೆಲಕ್ಕೆ ಊರುವ ಮೊದಲು. ತಾವು ಬರುವುದು ವಾರಕ್ಕೊಮ್ಮೆ, ಅದೂ ಸಂಜೆ. ಸಂಜೆಗೆ ಎಲ್ಲರ ಕಾಲೂ ಒಂದಿಷ್ಟು ಊದಿರುತ್ತದೆ, ಆ ಅಳತೆಯನ್ನು ನಂಬುವ ಹಾಗಿಲ್ಲ. ಎರಡು ಕಾಲಿನ ವ್ಯತ್ಯಾಸ ಕಾಲು ಇಂಚಿಗೆ ಇಳಿದ ಮೇಲೆ ನಿಲ್ಲುವ ವ್ಯಾಯಾಮ, ಆಮೇಲೆ ನಡಿಗೆ, ಆಮೇಲೆ ಮೆಟ್ಟಿಲು.

"ಅಳತೆ ವಿಷಯದಲ್ಲಿ ನಿಮಗೆ ನಾನೇನು ಹೇಳಿಕೊಡೋದು," ಎಂದಿದ್ದರು ಮೇಡಂ.

ಆ ಮಾತು ಈಗ ನೆನಪಾಗಿ ಅವನ ಕಿವಿ ಬಿಸಿಯಾಯಿತು. ಇಂದಿನ ನಿಜವಾದ ಅಳತೆ ಹತ್ತೊಂಬತ್ತೂ ಮುಕ್ಕಾಲು. ಎಂದರೆ ವ್ಯತ್ಯಾಸ ಕಾಲೇ ಇಂಚು. ಅವಳು ಇವತ್ತೇ ಎದ್ದು ನಿಲ್ಲಬಹುದು. ಹೋಗಿ ಹೇಳಿದರಾಯಿತು. ನಗುತ್ತಾಳೆ. ದರ್ಜಿಯ ಕೈಗೆ ಕಾಲು ಸಿಕ್ಕಿತಲ್ಲ ಎಂದು ಅಮ್ಮನೂ ನಗುತ್ತಾಳೆ.

ಎದ್ದ. ಅಷ್ಟರಲ್ಲಿ ಬೀದಿಯಿಂದ ಶಿಳ್ಳೆ ಕೇಳಿಸಿತು. ಅವನು ಮತ್ತೆ ಕೂತ.

ಬಂದವನು ಬದಲಿಯವನು. ನಡೆಯುವಾಗ ಶಿಳ್ಳೆ ಹಾಕುವುದರಿಂದ ಕಚೇರಿಯಲ್ಲಿ ಅವನಿಗೆ ಶಿಳ್ಳೆ ಎಂದೇ ಹೆಸರು. ನಲವತ್ತು ದಾಟಿದ ಸಣಕಲು ಮನುಷ್ಯ, ಕಿವಿಯ ಬಳಿ ನರೆತ ಕೂದಲು. ದಿನವೂ ಹಂಚಿಕೆ ಮುಗಿಸಿ, ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು, ಬೀಟಿನ ಬಗ್ಗೆ ಕೇಳಲು ಬರುತ್ತಿದ್ದ. ಅವಳನ್ನು ಅಕ್ಕ ಎನ್ನುತ್ತಿದ್ದ. ಇವನನ್ನು ಭಾವ ಎನ್ನುತ್ತಿದ್ದ. ದರ್ಜಿಗೆ ಸಿಟ್ಟು ಬರುತ್ತಿದ್ದದ್ದು ಅದಕ್ಕೇ. ಅಕ್ಕ ಎಂದವನ ಮೇಲೆ ಅನುಮಾನಪಡುವುದಕ್ಕೂ ದಾರಿಯಿಲ್ಲ. ಹೊಟ್ಟೆಯೊಳಗಿನ ಕಿಚ್ಚಿಗೆ ಒಂದು ಮರ್ಯಾದೆಯ ಕಾರಣವನ್ನಾದರೂ ಉಳಿಸಿರಲಿಲ್ಲ ಪುಣ್ಯಾತ್ಮ.

"ಏನು ಭಾವ, ಕತ್ತರಿಗೆ ರಜೆನಾ?" ಎನ್ನುತ್ತ ಒಳಗೆ ಹೋದ.

ಒಳಗಿನ ಮಾತು ಮುಂದಿನ ಕೋಣೆಗೆ ಚೆನ್ನಾಗಿ ಕೇಳುತ್ತಿತ್ತು. ಹನ್ನೊಂದನೆಯ ಮನೆಯ ಗಡಿಯಾರ ರಿಪೇರಿ ತಾತ ಕನ್ನಡಕವನ್ನು ಹಣೆಗೇರಿಸಿಕೊಂಡೇ ಕನ್ನಡಕ ಕಳೆದಿದೆ ಎಂದು ಹುಡುಕಾಡುವುದು, ಮಗಳ ಕಾಗದವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ಆಸೆಗೆ. ಮಹಡಿಯ ಹೆಂಗಸು ಬುಟ್ಟಿಯನ್ನು ಹಗ್ಗದಲ್ಲಿ ಇಳಿಬಿಡುವುದು, ಕಾಗದ ಇಲ್ಲದ ದಿನ ಬುಟ್ಟಿಯನ್ನು ಬರಿದೇ ಎಳೆದುಕೊಳ್ಳಬಾರದೆಂದು ದರ್ಜಿಯ ಹೆಂಡತಿ ಅದರಲ್ಲಿ ಒಂದು ಹೂವನ್ನೋ ಹಳೆಯ ಪತ್ರಿಕೆಯನ್ನೋ ಹಾಕುತ್ತಿದ್ದುದು. ಕಂದು ಲಕೋಟೆಯನ್ನು ಮಾತ್ರ ಬಾಯಲ್ಲಿ ಕಚ್ಚಿ ಒಳಗೆ ಒಯ್ಯುವ ನಾಯಿ. ಶಿಳ್ಳೆ ಒಬ್ಬೊಬ್ಬರ ದನಿಯನ್ನೂ ಅಣಕಿಸುತ್ತಿದ್ದ.

"ತಾತ ಹೇಳ್ತಾರೆ ಅಕ್ಕ, ನಿನ್ನ ಕೈಯಲ್ಲಿ ಬಂದ ಕಾಗದ ತಣ್ಣಗಿರತ್ತೆ ಕಣಯ್ಯ, ಅಂಚೆಯಮ್ಮಂದು ಬಿಸಿಬಿಸಿ ಇರ್ತಿತ್ತು ಅಂತ."

ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ದಿಂಬು ಜಾರುವಷ್ಟು.

ಈ ನಗು ಯಾರದು? ಹತ್ತೊಂಬತ್ತು ವರ್ಷ ಅವಳು ಮನೆಗೆ ಬಂದು, ಶೂ ಬಿಚ್ಚಿ, ಕಾಲು ತೊಳೆದುಕೊಂಡು, "ಇವತ್ತು ಜಾಸ್ತಿ ಇತ್ತು" ಎಂದೋ "ಕಡಿಮೆ ಇತ್ತು" ಎಂದೋ ಹೇಳಿ ಒಳಗೆ ಹೋಗುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ. ಇಬ್ಬರೂ ಮಾತಿಲ್ಲದವರು, ಅದಕ್ಕೇ ಹೊಂದಿಕೊಂಡಿದ್ದೇವೆ ಎಂದುಕೊಂಡಿದ್ದ. ಮೌನ ತಮ್ಮಿಬ್ಬರ ಜಂಟಿ ಆಸ್ತಿ ಎಂದು ತಿಳಿದಿದ್ದವನಿಗೆ, ಅದು ತನ್ನೊಬ್ಬನದೇ ಎಂದು ಗೋಡೆಯಾಚೆಯ ನಗು ಹೇಳುತ್ತಿತ್ತು. ಅವಳಿಗೆ ಬೇರೆಲ್ಲೋ ಒಂದು ತುಂಬಿದ ಸಂಸಾರವಿತ್ತು. ತಾತ, ಬುಟ್ಟಿ, ನಾಯಿ ಎಲ್ಲ ಸೇರಿದ್ದು. ಅವನು ಒಮ್ಮೆಯೂ ಕೇಳಿರಲಿಲ್ಲ. ಅವಳು ಹೇಳಿರಲಿಲ್ಲ. ಈಗ ನಿನ್ನೆ ಮೊನ್ನೆ ಬಂದ ಶಿಳ್ಳೆಗೆ ಅದೆಲ್ಲ ಬಾಯಿಪಾಠ.

ತಾಯಿ ಹಿತ್ತಲಿನಿಂದ ಬಂದವರು ಮಗನನ್ನು ನೋಡಿ ನಿಂತರು.

"ಕಾಲು ಊದಿರೋದು ಅವಳದು," ಎಂದರು. "ಮುಖ ಊದಿರೋದು ನಿಂದು. ಇದಕ್ಕೆ ಯಾವ ಐಸು ಇಡಲಿ ಹೇಳು."

ಅವನು ಕತ್ತರಿ ಎತ್ತಿಕೊಂಡ. ಆ ದಿನ ಅರ್ಧ ಇಂಚಿನ ಮಾತು ಆಡಲಿಲ್ಲ.

ಮರುದಿನ ಬೆಳಿಗ್ಗೆ ಟೇಪು ಹಿಡಿದು ಹಾಸಿಗೆಯ ಪಕ್ಕ ಮಂಡಿಯೂರಿದಾಗ, ಹೇಳುವುದಕ್ಕೆ ಅದೇ ಸರಿಯಾದ ಹೊತ್ತು ಎಂದುಕೊಂಡ. ಅವಳ ಪಾದ ಅವನ ತೊಡೆಯ ಮೇಲಿತ್ತು. ಮೊದಲಿದ್ದ ನೇರಳೆ ಬಣ್ಣ ಹಳದಿಗೆ ತಿರುಗಿ, ಹೊರಗಿನ ಗಂಟುಮೂಳೆ ಮತ್ತೆ ತನ್ನ ಆಕಾರಕ್ಕೆ ಬಂದಿತ್ತು. ನಿದ್ದೆಗಣ್ಣಿನಲ್ಲಿ ಅವಳು, ತಾನು ನಡೆಯುತ್ತಿದ್ದ ಹಾಗೆ ಕನಸು ಬಿತ್ತು ಎಂದಳು. ಇಂಥ ಮಾತನ್ನು ಅವಳು ಅವನೊಡನೆ ಆಡುತ್ತಿದ್ದುದು ಈ ಹತ್ತು ನಿಮಿಷದಲ್ಲಿ ಮಾತ್ರ. ಕಾಲು ವಾಸಿಯಾದರೆ ಈ ಹತ್ತು ನಿಮಿಷವೂ ಇಲ್ಲ. ಅವಳು ಶೂ ಕಟ್ಟಿ ತಾತನ ಬಳಿಗೆ, ಬುಟ್ಟಿಯ ಬಳಿಗೆ ಹೊರಟುಬಿಡುತ್ತಾಳೆ.

ಟೇಪು ಹತ್ತೊಂಬತ್ತೂ ಮುಕ್ಕಾಲು ತೋರಿಸಿತು. ಅವನು ಇಪ್ಪತ್ತೂ ಕಾಲು ಎಂದು ಬರೆದ. ಇನ್ನೊಂದು ವಾರ, ಅಷ್ಟೇ ಎಂದುಕೊಂಡ.

ಹದಿನೆಂಟನೆಯ ದಿನ ಮೇಡಂ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. ನೋಡಲು ಕಾಲು ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಅಂಕಿ ಇಳಿಯುತ್ತಿಲ್ಲ. ನಿಲ್ಲುವ ವ್ಯಾಯಾಮ ಇನ್ನೊಂದು ವಾರ ತಡೆಯೋಣ ಎಂದರು. ಅವಸರಪಟ್ಟು ಮತ್ತೆ ಉಳುಕಿದರೆ ವರ್ಷಗಟ್ಟಲೆ ಕಾಡುತ್ತದೆ. ಹೆಂಡತಿ ತಲೆಯಾಡಿಸಿದಳು. ಮೇಡಂ ಹೋದ ಮೇಲೆ ಹಾಳೆಯನ್ನು ತುಂಬ ಹೊತ್ತು ನೋಡುತ್ತ ಕೂತಿದ್ದಳು.

ಇನ್ನೊಂದು ವಾರ ಎಂದು ಅವನು ಲೆಕ್ಕ ಹಾಕಿದ್ದ. ಆದರೆ ಅವಳು ಮನೆಯಲ್ಲಿ ಉಳಿದಷ್ಟು ದಿನ ಶಿಳ್ಳೆಯೂ ಬರುತ್ತಿದ್ದ. ಇದು ಅವನಿಗೆ ಮೊದಲೇ ಹೊಳೆಯಬೇಕಿತ್ತು. ಹೊಟ್ಟೆಕಿಚ್ಚಿನಲ್ಲಿ ಹೊಳೆಯಲಿಲ್ಲ. ಶಿಳ್ಳೆ ಈಗ ಪ್ರಶ್ನೆ ಕೇಳುತ್ತಿರಲಿಲ್ಲ, ಸುದ್ದಿ ಹೇಳುತ್ತಿದ್ದ. ತಾತನಿಗೆ ಕಾಗದ ಓದಿದೆ, ಮಗಳು ಬರುತ್ತಾಳಂತೆ. ನಾಯಿ ಈಗ ಬಿಳಿ ಲಕೋಟೆಯನ್ನೂ ಒಯ್ಯುತ್ತದೆ, ನಾನೇ ಕಲಿಸಿದೆ. ಮಹಡಿಯ ಹೆಂಗಸು ಬುಟ್ಟಿಯಲ್ಲಿ ಬಿಸ್ಕತ್ತು ಇಳಿಬಿಟ್ಟಿದ್ದಳು. ಹೇಳುವುದರಲ್ಲಿ ಕೇಡಿರಲಿಲ್ಲ. ಕೆಲಸದ ಖುಷಿಯಲ್ಲಿದ್ದ ಮನುಷ್ಯ. ಅವಳು ಕೇಳುತ್ತಿದ್ದಳು, ನಗುತ್ತಿದ್ದಳು, ಆದರೆ ನಗು ಪ್ರತಿದಿನ ಸ್ವಲ್ಪ ತಡವಾಗಿ ಬರುತ್ತಿತ್ತು. ಅವರು ನನ್ನನ್ನು ಕೇಳಿದರಾ ಎಂದು ಅವಳು ಒಂದು ದಿನ ವಿಚಾರಿಸಿದ್ದು ದರ್ಜಿಗೆ ಕೇಳಿಸಿತು. ಶಿಳ್ಳೆ ಒಂದು ಕ್ಷಣ ಸುಮ್ಮನಿದ್ದು, ಕೇಳುತ್ತಲೇ ಇರುತ್ತಾರೆ ಎಂದ. ಆ ಒಂದು ಕ್ಷಣ ಗೋಡೆ ದಾಟಿ ಬಂದು ಮೆಷಿನ್ನಿನ ಮೇಲೆ ಕೂತಿತು.

ಆಗ ದರ್ಜಿಗೆ ಆದದ್ದು ಸಂತೋಷ. ಅದನ್ನು ಸಂತೋಷ ಎಂದು ಒಪ್ಪಿಕೊಳ್ಳಲು ಅವನಿಗೆ ಎರಡು ದಿನ ಹಿಡಿಯಿತು. ತನ್ನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಈಗ ಅವಳ ಹೊಟ್ಟೆಗೂ ತಗುಲಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರಿಗೂ ಒಂದೇ ನೋವು.

ಇಪ್ಪತ್ತೈದನೆಯ ದಿನ ಮೇಡಂ ಬಂದಾಗ ಹಾಳೆಯಲ್ಲಿ ಅದೇ ಇಪ್ಪತ್ತೂ ಕಾಲು. ನಿಜದ ಅಳತೆ ಹತ್ತೊಂಬತ್ತೂವರೆಗೆ, ಎಂದರೆ ಒಳ್ಳೆಯ ಕಾಲಿನ ಸಮಕ್ಕೆ, ಬಂದು ಎರಡು ದಿನವಾಗಿತ್ತು. ಅರ್ಧ ಸೇರಿಸಿದರೂ ಇಪ್ಪತ್ತಾಗಬೇಕು. ಅಂಕಿ ಇಳಿಯಿತೆಂದು ಎಲ್ಲಿ ಎದ್ದು ನಿಲ್ಲಿಸುತ್ತಾರೋ ಎಂದು ಅವನು ಆ ಎರಡು ದಿನ ಮುಕ್ಕಾಲು ಸೇರಿಸಿದ್ದ. ಮೇಡಂ ಕಾಲನ್ನು ಅತ್ತಿತ್ತ ಒತ್ತಿ ನೋಡಿದರು. ಒಳಗೆ ಬೇರೇನೋ ಹರಿದಿರಬೇಕು, ಸ್ಕ್ಯಾನ್ ಮಾಡಿಸೋಣ, ವರದಿ ಬರುವವರೆಗೆ ಭಾರ ಹಾಕುವುದು ಬೇಡ, ಎರಡು ವಾರವಾದರೂ ಆಗಬಹುದು ಎಂದರು.

ಮೇಡಂ ಹೋದ ಸ್ವಲ್ಪ ಹೊತ್ತಿಗೆ ಶಿಳ್ಳೆ ಬಂದ. ಬೀದಿಯಲ್ಲಿ ಶಿಳ್ಳೆ ಹಾಕದೆ ಬಂದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಒಳಬಾಗಿಲಲ್ಲೇ ನಿಂತು ಹೇಳಿದ.

"ಅಕ್ಕ, ಸಾಹೇಬ್ರು ಕರೆದಿದ್ರು. ಬೀಟು ಖಾಯಂ ತಗೋತೀಯಾ ಅಂತ ಕೇಳಿದ್ರು. ನಿಮ್ಮನ್ನ ಕೇಳದೆ ಹೂಂ ಅನ್ನಲ್ಲ ಅಂದೆ."

"ನಾನೇನು ಹೇಳ್ಲಿ," ಎಂದಳು ಅವಳು. "ಕಾಲು ನನ್ನ ಮಾತು ಕೇಳ್ತಿಲ್ವಲ್ಲಪ್ಪ."

ಅವನು ಚೀಲ ಹೆಗಲಿಗೆ ಸರಿಪಡಿಸಿಕೊಂಡು ಹೋದ. ಮುಂದಿನ ಕೋಣೆ ದಾಟುವಾಗ ಬರುತ್ತೇನೆ ಭಾವ ಎಂದ. ದರ್ಜಿ ತಲೆಯೆತ್ತಲಿಲ್ಲ.

ಸಂಜೆಯ ವ್ಯಾಯಾಮದ ಹೊತ್ತಾಗಿತ್ತು. ಅವನು ಮೆಷಿನ್ನಿನ ಹಿಂದಿನಿಂದ ಬಾಗಿ ನೋಡಿದ. ಪಾದ ದಿಂಬಿನ ಮೇಲೆ ಸುಮ್ಮನೆ ಬಿದ್ದಿತ್ತು. ಹೆಬ್ಬೆರಳು ಏನನ್ನೂ ಬರೆಯಲಿಲ್ಲ. ಅವಳು ಅಳುತ್ತಿರಲಿಲ್ಲ. ಗೋಡೆ ನೋಡುತ್ತಿದ್ದಳು. ಅವನಿಗೆ ಚಿರಪರಿಚಿತವಾದ ಮೌನ ಅದು, ಅವನದೇ. ಇಷ್ಟು ದಿನ ಅವಳಲ್ಲಿಯೂ ಇದೆ ಎಂದುಕೊಂಡಿದ್ದ ಆ ಮೌನ ನಿಜವಾಗಿ ಅವಳೊಳಗೆ ಇಳಿದದ್ದನ್ನು ಅವನು ಅಂದು ಮೊದಲ ಬಾರಿ ನೋಡಿದ. ನೋಡಲಾಗಲಿಲ್ಲ.

ಮರುದಿನ ಬೆಳಿಗ್ಗೆ ಟೇಪು ಹತ್ತೊಂಬತ್ತೂವರೆ ತೋರಿಸಿತು. ಅವನು ಪೆನ್ಸಿಲನ್ನು ಗಟ್ಟಿಯಾಗಿ ಹಿಡಿದು, ಮೊದಲ ಸಲ ಮಗ್ಗಿ ಬರೆಯುವ ಮಗುವಿನ ಹಾಗೆ, ಹತ್ತೊಂಬತ್ತೂವರೆ ಎಂದೇ ಬರೆದ. ಅವಳು ಹಾಳೆ ಇಸಿದುಕೊಂಡು ನೋಡಿದಳು. ಒಂದೇ ರಾತ್ರಿಯಲ್ಲಿ ಮುಕ್ಕಾಲು ಇಂಚು ಹೇಗೆ ಇಳಿಯಿತು ಎಂದು ಕೇಳಿದಳು. ಅವನು, ಮೇಡಂಗೆ ಫೋನ್ ಮಾಡೋಣ ಎಂದ.

ಮೇಡಂ ಮಧ್ಯಾಹ್ನವೇ ಬಂದು ತಮ್ಮ ಟೇಪಿನಿಂದ ಅಳೆದರು. ಹತ್ತೊಂಬತ್ತೂವರೆ. ಇನ್ನೊಮ್ಮೆ ಅಳೆದರು. ಆಮೇಲೆ ಮೇಜಿನ ಮೇಲಿದ್ದ ದರ್ಜಿಯ ಟೇಪನ್ನು ಎತ್ತಿ ನೋಡಿದರು. ಅಂಚು ಸವೆದು, ಅಂಕಿಗಳು ಮಾಸಿದ ಹಳೆಯ ಟೇಪು.

"ಇದರದೇ ತಪ್ಪು," ಎಂದು ನಕ್ಕರು. "ಎಳೆದೂ ಎಳೆದೂ ಹಿಗ್ಗಿಹೋಗಿದೆ. ಹೊಸದು ತಗೊಳ್ಳಿ ಸ್ವಾಮಿ. ಪಾಪ, ಇವರನ್ನ ಸುಮ್ನೆ ಮಲಗಿಸಿಬಿಟ್ವಿ. ಒಂದು ವಾರ ಮೊದಲೇ ಶುರು ಮಾಡಿದ್ರೆ ಮೆಟ್ಟಿಲೂ ಆಗ್ತಿತ್ತು."

ಹಿಗ್ಗಿದ ಟೇಪು ಅಳತೆಯನ್ನು ಕಡಿಮೆ ತೋರಿಸುತ್ತದೆ, ಹೆಚ್ಚು ತೋರಿಸುವುದಿಲ್ಲ. ದರ್ಜಿಗೆ ಅದು ಉಸಿರಾಟದಷ್ಟು ಗೊತ್ತಿತ್ತು. ದರ್ಜಿಯ ಮನೆಯಲ್ಲಿ ಹತ್ತೊಂಬತ್ತು ವರ್ಷ ಬಾಳಿದವಳಿಗೂ ಗೊತ್ತಿತ್ತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವನು ಹೊಸ ಟೇಪು ತರುತ್ತೇನೆ ಎಂದ.

ನಿಲ್ಲುವ ವ್ಯಾಯಾಮ ಅಂದೇ ಶುರುವಾಯಿತು. ಮೊದಲು ಎರಡೂ ಕಾಲಿನಲ್ಲಿ ಹಿಮ್ಮಡಿ ಎತ್ತುವುದು, ಆಮೇಲೆ ಉಳುಕಿದ ಕಾಲೊಂದರಲ್ಲೇ ಅರ್ಧ ನಿಮಿಷ ನಿಲ್ಲುವುದು, ಆಮೇಲೆ ಮಡಿಚಿದ ದಿಂಬಿನ ಮೇಲೆ. ಅವಳು ಹೊಲಿಗೆ ಮೆಷಿನ್ನಿನ ಅಂಚು ಹಿಡಿದು ನಿಲ್ಲುತ್ತಿದ್ದಳು. ಅವನು ಹೊಲಿಗೆ ನಿಲ್ಲಿಸಿ, ಬೀಳಬಾರದೆಂದು ಕೈ ಚಾಚಿ ಕಾಯುತ್ತಿದ್ದ. ಅವಳು ಮೆಷಿನ್ನನ್ನೇ ಹಿಡಿದಳು. ತಾಯಿ ಬಾಗಿಲಲ್ಲಿ ಕೂತು, ಒಂಟಿಕಾಲಿನ ತಪಸ್ಸಿಗೆ ದೇವರು ಏನು ಕೊಡುತ್ತಾನೋ ನೋಡೋಣ ಎನ್ನುತ್ತಿದ್ದರು.

ಮೂವತ್ತೊಂಬತ್ತನೆಯ ದಿನ ಅವಳು ಶೂ ಕಟ್ಟಿದಳು, ಪಾದಕ್ಕೆ ಗಟ್ಟಿ ಪಟ್ಟಿ ಹಾಕಿ. ಮೇಡಂ ಬರೆದುಕೊಟ್ಟ ಚೀಟಿಯಲ್ಲಿ, ಸಮತಟ್ಟಾದ ರಸ್ತೆ ಸರಿ, ಮೆಟ್ಟಿಲು ಇನ್ನೂ ಒಂದು ತಿಂಗಳು ಬೇಡ ಎಂದಿತ್ತು. ಕಚೇರಿಯವರು ಬೀಟನ್ನು ಎರಡು ಮಾಡಿದರು. ಕೆಳಗಿನ ಎರಡು ಬೀದಿ ಅವಳಿಗೆ. ಮೆಟ್ಟಿಲು ಓಣಿಯ ಇಪ್ಪತ್ಮೂರು ಮನೆ ಶಿಳ್ಳೆಗೆ, ಖಾಯಂ. ತಾತ, ಬುಟ್ಟಿ, ನಾಯಿ ಎಲ್ಲ ಆ ಇಪ್ಪತ್ಮೂರರಲ್ಲಿದ್ದವು.

ಅಂದು ಸಂಜೆ ಅವಳು ಮನೆಗೆ ಬಂದು ಕಾಲು ತೊಳೆದುಕೊಂಡಳು. ಅವನು ದಿನವಿಡೀ ಬಾಯಲ್ಲಿ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

"ಇವತ್ತು ಯಾರ್ಯಾರಿಗೆ ಕಾಗದ ಬಂದಿತ್ತು?"

"ಬಂದವರಿಗೆಲ್ಲ ಬಂದಿತ್ತು," ಎಂದಳು.

ಆಮೇಲೆ ಗೋಡೆಯ ಹತ್ತಿರ ಹೋದಳು. ಅವನ ಹೊಸ ಟೇಪು ಅಲ್ಲಿ ಮೊಳೆಗೆ ನೇತಾಡುತ್ತಿತ್ತು. ಮೇಜಿನ ಗೂಡಿನಿಂದ ಹಳೆಯದನ್ನು ತೆಗೆದು, ಅದನ್ನೂ ಅದೇ ಮೊಳೆಗೆ ಹಾಕಿ, ಎರಡರ ತುದಿಯನ್ನೂ ಬೆರಳಿನಿಂದ ನೇರ ಮಾಡಿದಳು. ಎರಡೂ ಒಂದೇ ಕಡೆ ಮುಗಿದವು. ಕೂದಲೆಳೆಯ ವ್ಯತ್ಯಾಸವಿಲ್ಲ.

ಅವಳು ಹಳೆಯ ಟೇಪನ್ನು ಅವನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು ಎಡಗಾಲನ್ನು ಚಾಚಿದಳು.

"ಒಂದ್ಸಲ ಅಳೀರಿ. ಬಾಯಲ್ಲಿ ಹೇಳಿ."

ಅವನು ಮಂಡಿಯೂರಿ ಅಳೆದ. ದಿನವಿಡೀ ನಡೆದ ಕಾಲು ಒಂದಿಷ್ಟು ಬೆಚ್ಚಗಿತ್ತು.

"ಹತ್ತೊಂಬತ್ತೂ ಮುಕ್ಕಾಲು. ಸಂಜೆ ಅಲ್ವಾ, ಅದಕ್ಕೆ."

"ಬರೀರಿ."

ಅವನು ಬರೆದ. ಅವಳು ಅವನ ಮುಖ ನೋಡಲಿಲ್ಲ, ಪೆನ್ಸಿಲಿನ ತುದಿಯನ್ನೇ ನೋಡುತ್ತಿದ್ದಳು. ಬರೆದು ಮುಗಿದ ಮೇಲೂ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ತೊಡೆಯ ಮೇಲೆ ಹಾಗೆಯೇ ಇಟ್ಟುಕೊಂಡು ಕಾದಳು. ಬೀದಿಯಲ್ಲಿ ಶಿಳ್ಳೆ ಕೇಳಿಸಿತು, ಹತ್ತಿರ ಬಂತು, ನಿಲ್ಲದೆ ಮುಂದೆ ಹೋಯಿತು. ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಕಾಲು ತೆಗೆದುಕೊಂಡು ಒಳಗೆ ಹೋದಳು.

ಮೊದಲ ಹನ್ನೆರಡು ದಿನ ಅದು ಕೈಯ ರೂಢಿ, ಆಮೇಲಿನ ಒಂಬತ್ತು ದಿನ ತನ್ನ ಹೊಟ್ಟೆಕಿಚ್ಚು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.